ಗುಬ್ಬಿಯ ಬಿಲ್ಲೆ

“ಬಿಲ್ಲೆ ಎಲ್ಲೇ?” ಅಮ್ಮ ಹೊಲಿಗೆ ಮೆಷಿನ್ ನಿಲ್ಲಿಸಿ ಕೇಳಿದಳು.

ಅಕ್ಕ ಕಾಮಿಕ್ಸ್‌ನಿಂದ ತಟ್ಟನೆ ತಲೆ ಎತ್ತಿದಳು. ಮೆಷಿನ್ ಕೆಳಗೆ ಕೂತಿದ್ದ ತಂಗಿ ಗುಬ್ಬಿಯ ಕಿವಿ ಬರಿದಾಗಿತ್ತು. ಕಿವಿಯ ಹಿಂದಿನ ಪುಟ್ಟ ಯಂತ್ರವೂ ಇಲ್ಲ, ಅದರ ವೈರಿನ ತುದಿಯ ಆಯಸ್ಕಾಂತದ ಬಿಲ್ಲೆಯೂ ಇಲ್ಲ!

ಹುಟ್ಟಿನಿಂದಲೇ ಕಿವಿ ಕೇಳದ ಗುಬ್ಬಿಗೆ ಹೋದ ವರ್ಷ ಆಪರೇಷನ್ ಮಾಡಿ ಕಿವಿಯ ಹಿಂದೆ ಚರ್ಮದಡಿ ಇಂಪ್ಲಾಂಟ್ ಹಾಕಿದ್ದರು. ಬಿಲ್ಲೆ ತಲೆಗೆ ಅಂಟಿಕೊಂಡಿದ್ದರೆ ಮಾತ್ರ ಅವಳಿಗೆ ಶಬ್ದ ಕೇಳುತ್ತಿತ್ತು. ಗುಬ್ಬಿಗೆ ಆಟಿಸಂ ಕೂಡ ಇತ್ತು. ಬೇಕು, ಬೇಡ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದಿನಕ್ಕೆ ಹತ್ತು ಸಲ ಬಿಲ್ಲೆ ತೆಗೆದುಬಿಡುತ್ತಿದ್ದಳು.

“ನೋಡ್ಕೋ ಅಂದಿದ್ನಲ್ಲೇ! ಕಾಮಿಕ್ಸ್ ಕೈಗೆ ಬಂದ್ರೆ ನಿನಗೆ ಲೋಕಾನೇ ಬೇಡ. ಇನ್ನೊಂದು ಸಿಗೋದು ಯಾವ ಕಾಲಕ್ಕೋ! ಹನ್ನೊಂದಕ್ಕೆ ಕ್ಲಿನಿಕ್‌ಗೆ ಬೇರೆ ಹೋಗ್ಬೇಕು. ಯಂತ್ರದ ಸೌಂಡ್ ಸರಿಮಾಡೋ ಮೇಡಂಗೆ ಏನಂತ ಹೇಳ್ಲಿ?”

ಅಕ್ಕ ಸೋಫಾ ಕೆಳಗೆ ತೂರಿದಳು. ಶೂಗಳನ್ನು ಕೊಡವಿದಳು. ಬಟ್ಟೆ ಚೂರುಗಳ ಬುಟ್ಟಿಯನ್ನೇ ಬೋರಲು ಹಾಕಿದಳು. ಎಂದೋ ಕಳೆದ ರಬ್ಬರ್ ಸಿಕ್ಕಿತು, ಅಪ್ಪನ ಒಂಟಿ ಸಾಕ್ಸೂ ಸಿಕ್ಕಿತು. ಬಿಲ್ಲೆ ಮಾತ್ರ ಇಲ್ಲ. ಅವಳಿಗೆ ಅಳುವೇ ಬಂತು.

“ಇವಳಿಗೆ ಕೇಳೋದೇ ಇಷ್ಟ ಇಲ್ವೇನೋ,” ಅಮ್ಮ ಕಣ್ಣೊರೆಸಿಕೊಂಡಳು. “ಸುಮ್ನೆ ಮಗೂಗೆ ಹಿಂಸೆ ಕೊಡ್ತಿದೀವೋ ಏನೋ.”

ಕೊನೆಗೆ ಅಕ್ಕ ಮೆಷಿನ್ ಕೆಳಗೆ ನುಸುಳಿದಳು. ಅದರ ಕಬ್ಬಿಣದ ಕಾಲಿಗೆ ಬಿಲ್ಲೆ ಅಂಟಿಕೊಂಡಿತ್ತು! ಪುಟ್ಟ ಯಂತ್ರ ಪಕ್ಕದಲ್ಲೇ ಜೋತಾಡುತ್ತಿತ್ತು.

“ಸಿಕ್ತಮ್ಮಾ!”

ಅಮ್ಮ ಉಸಿರುಬಿಟ್ಟಳು. ಅಕ್ಕ ಅದನ್ನು ಗುಬ್ಬಿಗೆ ಹಾಕಿದಳು.

“ಈ ತೋಳೊಂದು ಮುಗಿಸಿ ಹೊರಡೋಣ,” ಅಮ್ಮ ಪೆಡಲ್ ಒತ್ತಿದಳು. ಟರ್ರ್ರ್!

ಗುಬ್ಬಿ ಮುಖ ಕಿವುಚಿದಳು. ಬಿಲ್ಲೆ ತೆಗೆದಳು. ಎಸೆಯಲಿಲ್ಲ. ಮೆಷಿನ್ನಿನ ಅದೇ ಕಾಲಿಗೆ, ಅದೇ ಜಾಗಕ್ಕೆ ಜೋಪಾನವಾಗಿ ಅಂಟಿಸಿ, ಗರಗರ ತಿರುಗುವ ಚಕ್ರವನ್ನೇ ನೋಡುತ್ತ ಕೂತಳು.

“ಅಮ್ಮಾ, ನಿಲ್ಸು! ಚಕ್ರಾನ ಕೈಯಲ್ಲಿ ತಿರುಗ್ಸು. ಮೆಲ್ಲಗೆ!”

“ಟೈಮ್ ಆಯ್ತು ಕಣೇ…”

“ಒಂದೇ ಒಂದ್ಸಲ, ಪ್ಲೀಸ್!”

ಟಕ್… ಟಕ್… ಟಕ್…

ಅಕ್ಕ ಬಿಲ್ಲೆಯನ್ನು ಅಂಗೈಯಲ್ಲಿಟ್ಟು ಚಾಚಿದಳು. ತಾನಾಗಿ ಹಾಕಲು ಹೋಗಲಿಲ್ಲ. ಗುಬ್ಬಿ ಚಕ್ರ ನೋಡಿದಳು, ಅಂಗೈ ನೋಡಿದಳು. ಅಕ್ಕ ಕಾದಳು.

ಗುಬ್ಬಿ ಬಿಲ್ಲೆ ಎತ್ತಿಕೊಂಡಳು. ತಡವರಿಸುತ್ತಾ ತಲೆಗೆ ಅಂಟಿಸಿಕೊಂಡಳು. ಪ್ರತಿ ಟಕ್‌ಗೂ ಅವಳ ಬೆರಳೊಂದು ಕುಣಿಯಿತು.

ಅಮ್ಮನ ಕೈ ಚಕ್ರ ತಿರುಗಿಸುತ್ತಲೇ ಇತ್ತು.

“ಮೇಡಂಗೆ ಟರ್ರ್ ವಿಷ್ಯ ಹೇಳಮ್ಮ,” ಎಂದಳು ಅಕ್ಕ ಪಿಸುದನಿಯಲ್ಲಿ. “ಟಕ್ ವಿಷ್ಯಾನೂ ಹೇಳು.”