ಏಳನೇ ಇನ್ನಿಂಗ್ಸಿನಲ್ಲಿ ಬಾಯಿಬಿಟ್ಟವಳು

"ತಲೆ ಬಗ್ಗಿಸು ನಿಕೊ."

ಬಗ್ಗಿಸಿದ. ಬಿಯರ್ ಬಾಟಲಿ ನಮ್ಮಿಬ್ಬರ ತಲೆಯ ಮೇಲಿಂದ ಹಾರಿ ರಸ್ತೆಯಲ್ಲಿ ಚೂರುಚೂರಾಯಿತು. ನಾನು ಹ್ಯಾಂಡಲ್ ತಿರುಗಿಸಿದೆ. ಸ್ಕೂಟರ್ ಕಬ್ಬಿನ ಗದ್ದೆಯತ್ತ ಒಮ್ಮೆ ವಾಲಿ ಮತ್ತೆ ರಸ್ತೆಗೆ ಬಂತು.

ಹಿಂದೆ ಕೆಂಪು ಪಿಕಪ್. ಅದರಲ್ಲಿ ದವಡೆ.

ಹೆತ್ತವರು ಇಟ್ಟ ಹೆಸರು ಪ್ರೊಕೊಪಿಯೊ. ಆ ಮುಖ ನೋಡಿದ ಮೇಲೆ ಯಾರೂ ಅಷ್ಟುದ್ದ ಹೆಸರು ಕರೆಯುವ ತೊಂದರೆ ತೆಗೆದುಕೊಂಡಿಲ್ಲ. ನಮ್ಮೂರಿನ ಬೆಟ್ಟಿಂಗ್ ಅಂಗಡಿಯ ದೋನ್ ಉಲ್ಪಿಯಾನೊನ ಬಂಟ ಅವನು. ಉಲ್ಪಿಯಾನೊ ಅವತ್ತು ನಮ್ಮ ಬೇಸ್‌ಬಾಲ್ ತಂಡದ ಸೋಲಿನ ಮೇಲೆ ಹಣ ಕಟ್ಟಿದ್ದ. ಹಾಗಾಗಿ ನನ್ನ ಹಿಂದೆ ಕೂತಿದ್ದ, ಚೆಂಡು ಎಸೆಯುವ ನಮ್ಮ ಪಿಚರ್ ಸ್ಟೇಡಿಯಂ ಮುಟ್ಟಬಾರದು. ದವಡೆಗೆ ವಹಿಸಿದ್ದ ಕೆಲಸ ಇಷ್ಟೇ.

"ದೋನ್ಯಾ ಎರ್ಸಿಲಿಯಾ, ಇನ್ನೂ ಸ್ವಲ್ಪ ಜೋರಾಗಿ ಹೋಗಬಹುದಾ?"

"ನಿನ್ನ ತೂಕ ಎಷ್ಟು?"

"ನೂರ ಹತ್ತು ಕಿಲೋ."

"ಹಾಗಾದ್ರೆ ಸ್ಕೂಟರನ್ನೇ ಕೇಳು. ನನ್ನನ್ಯಾಕೆ ಕೇಳ್ತೀಯ?"

ಅವನು ನನ್ನನ್ನು ಹಿಡಿದುಕೊಂಡೇ ಇರಲಿಲ್ಲ. ಬಲಗೈಯನ್ನು ಎಡಗೈಯಿಂದ ಹಸುಗೂಸಿನ ಹಾಗೆ ಎದೆಗೆ ಒತ್ತಿಕೊಂಡಿದ್ದ. ಬಿದ್ದರೆ ತಲೆ ಒಡೆಯಲಿ, ಕೈ ಉಳಿಯಲಿ. ಪಿಚರ್‌ಗಳೆಲ್ಲ ಹೀಗೇ. ಅವರಿಗೆ ತಲೆ ಇರುವುದು ಟೋಪಿ ಹಾಕಲು ಮಾತ್ರ.

ಮುಂದೆ ಕಬ್ಬಿನ ರೈಲು ಕೂಗಿತು.

ಸಕ್ಕರೆ ಕಾರ್ಖಾನೆಗೆ ಹೋಗುವ ಆ ರೈಲಿಗಿಂತ ನಮ್ಮೂರ ಆಮೆಗಳು ಚುರುಕು. ಆದರೆ ಉದ್ದ ಮಾತ್ರ ಮುಗಿಯುವುದೇ ಇಲ್ಲ. ಎಂಜಿನ್ನಿನ ಮೂತಿಯ ಮುಂದೆ ಸ್ಕೂಟರ್ ನುಗ್ಗಿಸಿದೆ. ಡ್ರೈವರ್ ನನ್ನ ಇಡೀ ವಂಶವನ್ನು ಹೆಸರು ಹಿಡಿದು ಬೈದ. ಹಿಂದೆ ಪಿಕಪ್ಪಿನ ಬ್ರೇಕು ಕಿರುಚಿತು. ಇನ್ನು ಕಾಲು ಗಂಟೆ ದವಡೆ ಅಲ್ಲೇ ನಿಂತು ಕಬ್ಬು ಎಣಿಸುತ್ತಿರಬೇಕು.

ನನ್ನ ಉದ್ಯೋಗ ಏನು ಅಂತೀರಾ? ಇದೇ. ಇಪ್ಪತ್ತು ವರ್ಷ ಪೊಲೀಸಿನಲ್ಲಿದ್ದೆ. ಮೊಣಕಾಲು ಕೆಟ್ಟಿತು, ಬಿಟ್ಟೆ. ಈಗ ತಂಡದ ಆಟಗಾರರನ್ನು ಬಾರಿನಿಂದ, ಜಗಳದಿಂದ, ಪರರ ಮನೆಯ ಹಿಂಬಾಗಿಲಿನಿಂದ ಎಬ್ಬಿಸಿ ಹೊತ್ತಿಗೆ ಸರಿಯಾಗಿ ಮೈದಾನಕ್ಕೆ ತಂದು ಸುರಿಯುವುದು ನನ್ನ ಕೆಲಸ.

ಅವತ್ತು ಬೆಳಿಗ್ಗೆಯಿಂದ ನಿಕೊ, ಅಂದರೆ ನಮ್ಮ ಪಿಚರ್ ನಿಕಾನೋರ್, ನಾಪತ್ತೆ. ಸಿಕ್ಕಿದ್ದು ಮಿಂಗಾ ಅಜ್ಜಿಯ ಮನೆಯಲ್ಲಿ. ಕೈಕಾಲು ಉಳುಕಿದವರಿಗೆ ಎಣ್ಣೆ ಹಚ್ಚಿ ಉಜ್ಜುವ ಅಜ್ಜಿ. ತಂಡದ ಡಾಕ್ಟರಿಗೆ ಹೆದರಿದವರೆಲ್ಲ ಅಲ್ಲಿಗೇ ಹೋಗುತ್ತಾರೆ.

ನಾನು ಒಳಗೆ ಕಾಲಿಟ್ಟಾಗ ಅವನು ಕಾಫಿ ಕುಡಿಯುತ್ತಿದ್ದ.

"ಎಡಗೈಯಲ್ಲಿ ಯಾಕೆ?"

"ಬಲಗೈಗೆ ರೆಸ್ಟು, ದೋನ್ಯಾ."

"ಬೆರಳು?"

"ಚೆನ್ನಾಗಿವೆ. ಐದೂ ಇವೆ."

ಆ ಬಲಗೈಯ ಚರಿತ್ರೆ ಊರಿಗೆಲ್ಲ ಬಾಯಿಪಾಠ. ಮೊಣಕೈಯ ನಾರು ಮೊದಲ ಸಲ ಹರಿದಾಗ ಎಡಗೈ ಮಣಿಕಟ್ಟಿನಿಂದ ಒಂದು ನಾರು ತೆಗೆದು ಹೊಲಿದರು. ಅದೂ ಹರಿಯಿತು. ಎರಡನೇ ಸಲ ತೊಡೆಯಿಂದ ತೆಗೆದರು. ನಡುವೆ ಭುಜವನ್ನೂ ಒಮ್ಮೆ ಬಿಚ್ಚಿ ಮುಚ್ಚಿದ್ದಾರೆ. ಪ್ರತಿ ಸಲವೂ ಒಂದು ವರ್ಷ ಗೋಡೆಗೆ ಚೆಂಡು ಎಸೆದು, ಮಕ್ಕಳ ಹಾಗೆ ಮೊದಲಿನಿಂದ ಕಲಿತು ವಾಪಸ್ ಬಂದ. ಈಗ ಆ ಒಂದು ಕೈಯಲ್ಲಿ ಅವನ ಇಡೀ ಮೈ ಸಭೆ ಸೇರಿದೆ ಅಂತ ಊರು ನಗುತ್ತದೆ.

ನಗಲಿ. ಮೂವತ್ತೈದನೇ ವಯಸ್ಸಿನಲ್ಲಿ ಮೂರನೇ ಸಲ ಎದ್ದು ನಿಂತ ಗಂಡಸನ್ನು ನಾನು ಬೇರೆ ಕಂಡಿಲ್ಲ. ಅವನನ್ನು ಕಂಡರೆ ನನಗೆ ಹೊಟ್ಟೆಯ ಮಗನಷ್ಟೇ ಪ್ರೀತಿ, ಅಷ್ಟೇ ಸಿಟ್ಟು.

"ಮೆಕ್ಸಿಕೊದ ತಂಡವೊಂದರ ಆಳು ಬಂದಿದ್ದಾನೆ ದೋನ್ಯಾ. ನನ್ನನ್ನ ನೋಡೋಕೇ ಬಂದಿದ್ದಾನೆ. ಇವತ್ತು ಚೆನ್ನಾಗಿ ಎಸೆದ್ರೆ ಬೇಸಿಗೆಗೆ ಅಲ್ಲಿ ಆಟ. ಇಲ್ಲದಿದ್ರೆ ಭಾವನ ಟೈರ್ ಅಂಗಡಿ."

"ಹೋದ ಸಲ ಕೈ ಹೋಗೋ ಮುಂಚೆ ಬೆರಳು ಜೋಮು ಹಿಡಿದಿತ್ತು."

"ಗೊತ್ತು."

"ಇವತ್ತು ಹಿಡಿದ್ರೆ?"

"ತಕ್ಷಣ ಮ್ಯಾನೇಜರ್‌ಗೆ ಹೇಳ್ತೀನಿ. ನಮ್ಮಮ್ಮನಾಣೆ."

"ನಿಮ್ಮಮ್ಮನ ತಲೆ ಮೇಲೆ ನಿನ್ನ ಸುಳ್ಳಾಣೆಗಳು ಈಗಾಗಲೇ ರಾಶಿ ಬಿದ್ದಿವೆ. ಬೇರೆ ಯಾರಾದ್ರೂ ಇದ್ದಾರಾ?"

ಯೋಚನೆ ಮಾಡಿದ. "ಕೈಯಾಣೆ," ಅಂದ.

ಅದನ್ನು ನಂಬಿದೆ. ಆ ಕೈ ಮೇಲೆ ಅವನು ಸುಳ್ಳು ಹೇಳುವವನಲ್ಲ.

ಭಾನುವಾರದ ಮಧ್ಯಾಹ್ನ. ಸ್ಟೇಡಿಯಂ ತುಂಬಿತ್ತು. ನಾನು ನಮ್ಮ ಆಟಗಾರರು ಕೂರುವ ಡಗೌಟಿನ ಮೇಲಿನ ಸಾಲಿನಲ್ಲಿ ಕೂತೆ. ಮೂರನೇ ಇನ್ನಿಂಗ್ಸಿಗೆ ದವಡೆ ಬಂದ. ಪಕ್ಕದವನನ್ನು ಕಣ್ಣಲ್ಲೇ ಎಬ್ಬಿಸಿ ಆ ಜಾಗದಲ್ಲಿ ಕೂತ. ಟೋಪಿಯ ಮರೆಯಲ್ಲಿ ಚಾಕು. ಅದರ ತುದಿ ನನ್ನ ಪಕ್ಕೆಗೆ ತಾಗಿತು.

"ಮ್ಯಾನೇಜರ್‌ಗೆ ಹೇಳಿ ಕಳಿಸಿ. ಇವನನ್ನ ಆಟದಿಂದ ಇಳಿಸಲಿ."

"ಇಳಿಸದಿದ್ರೆ?"

"ನಿಮ್ಮ ಹೊಟ್ಟೆ ಉಳಿಯಲ್ಲ."

"ಈ ಹೊಟ್ಟೇನಾ? ನಿನ್ನ ಚಾಕು ಅರ್ಧ ದಾರೀಲೇ ಸುಸ್ತಾಗುತ್ತೆ ಮಗನೆ. ಕಡಲೆಕಾಯಿ ತಿಂತೀಯಾ?"

ಅವನಿಗೆ ನಗು ಬಂತು. ತಡೆದುಕೊಂಡ. ಕಡಲೆಕಾಯಿ ತೆಗೆದುಕೊಂಡ. ಚಾಕು ಮಾತ್ರ ಸರಿಸಲಿಲ್ಲ.

"ಇನ್ನೊಂದು ಇನ್ನಿಂಗ್ಸ್ ಟೈಮ್ ಕೊಡ್ತೀನಿ. ಅಷ್ಟೇ."

ನಾನು ಹೆದರಲಿಲ್ಲ ಅಂದರೆ ಸುಳ್ಳು. ಬೆನ್ನಲ್ಲಿ ಬೆವರು ಇಳಿಯುತ್ತಿತ್ತು. ಆದರೆ ಮೈದಾನದಲ್ಲಿ ಇನ್ನೇನೋ ಶುರುವಾಗಿತ್ತು. ನಿಕಾನೋರ್ ಎಸೆದ. ಅವರು ಬ್ಯಾಟು ಬೀಸಿದರು. ಗಾಳಿಗೆ ಹೊಡೆದರು. ನಾಲ್ಕನೇ ಇನ್ನಿಂಗ್ಸಿನವರೆಗೂ ಒಂದೂ ಹಿಟ್ ಇಲ್ಲ, ಚೆಂಡು ಹೊಡೆದು ಬೇಸ್ ಮುಟ್ಟಿದವರೇ ಇಲ್ಲ. ಐದರಲ್ಲೂ ಇಲ್ಲ. ಬೋರ್ಡಿನಲ್ಲಿ ಎದುರಾಳಿಗಳ ಮುಂದೆ ಸೊನ್ನೆ, ಸೊನ್ನೆ, ಸೊನ್ನೆ... ನಮಗೆ ಒಂದು ರನ್.

ಸ್ಟೇಡಿಯಮ್ಮಿನ ಗದ್ದಲ ನಿಧಾನವಾಗಿ ಸತ್ತಿತು.

ಒಂಬತ್ತು ಇನ್ನಿಂಗ್ಸಿನಲ್ಲಿ ಒಂದೇ ಒಂದು ಹಿಟ್ ಕೊಡದೆ ಆಟ ಮುಗಿಸಿದರೆ ಅದು ನೋ-ಹಿಟರ್. ಪಿಚರ್ ಆದವನಿಗೆ ಜನ್ಮಕ್ಕೊಮ್ಮೆ ಸಿಕ್ಕರೆ ಪುಣ್ಯ. ನಮ್ಮ ಮೈದಾನದಲ್ಲಿ ಅಂಥದ್ದನ್ನು ಕಂಡ ನೆನಪು ಯಾರಿಗೂ ಇಲ್ಲ. ಅದು ನಡೆಯುತ್ತಿರುವಾಗ ಆ ಪದ ಆಡಬಾರದು. ಪಿಚರ್ ಹತ್ತಿರ ಕೂರಬಾರದು, ಅವನನ್ನು ಮಾತಾಡಿಸಬಾರದು, ಕಣ್ಣಿಗೆ ಕಣ್ಣು ಸೇರಿಸಬಾರದು. ನೋಡುವವರು ಕೂತ ಜಾಗ ಬಿಟ್ಟು ಏಳಬಾರದು. ಮೀರಿದರೆ ದೃಷ್ಟಿ ತಗುಲಿ ಎಲ್ಲ ಕೆಟ್ಟಂತೆ. ಪಾದ್ರಿಯ ಮಾತು ಮೀರುವ ಜನ ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ಇದನ್ನು ಮೀರಿದವರಿಲ್ಲ.

ಆರನೇ ಇನ್ನಿಂಗ್ಸಿಗೆ ಪಕ್ಕೆ ಹಗುರಾಯಿತು. ನೋಡಿದರೆ ದವಡೆಯ ಚಾಕು ಕಿತ್ತಳೆ ಸುಲಿಯುತ್ತಿತ್ತು.

"ಟೈಮ್ ಮುಗೀತಲ್ಲ ಮಗನೆ."

"ಶ್... ಮಾತಾಡಬೇಡಿ."

"ಉಲ್ಪಿಯಾನೊಗೆ ಏನು ಹೇಳ್ತೀಯ?"

"ಅದು ನಾಳೆ ಮಾತು ದೋನ್ಯಾ. ಹಣ್ಣು ತಗೊಳ್ಳಿ."

ಅವನ ಕಣ್ಣು ಒದ್ದೆಯಾಗಿತ್ತು. ಕೊಲ್ಲಲು ಬಂದವನೂ ಮೊದಲು ಈ ಊರಿನವನೇ ತಾನೆ.

ಏಳನೇ ಇನ್ನಿಂಗ್ಸ್. ಎರಡು ಔಟ್. ಚೆಂಡು ನಿಕಾನೋರ್ ಕೈಗೆ ಬಂತು. ಎಸೆಯುವ ಮೊದಲು ಅವನು ತಲೆ ತಗ್ಗಿಸಿ ತನ್ನ ಬಲಗೈಯನ್ನು ನೋಡಿದ.

ನನ್ನ ಬಾಯಲ್ಲಿದ್ದ ಹಣ್ಣು ಕಹಿಯಾಯಿತು.

ಪಿಚರ್ ಚೆಂಡನ್ನು ನೋಡಿ ಹಿಡಿಯುವುದಿಲ್ಲ. ತುತ್ತನ್ನು ಬಾಯಿಗಿಡಲು ಯಾರಾದರೂ ಕನ್ನಡಿ ನೋಡುತ್ತಾರೆಯೇ? ಅವನ ಬೆರಳಿಗೆ ಚೆಂಡು ಗೊತ್ತಾಗುತ್ತಿರಲಿಲ್ಲ. ಕಣ್ಣಿನಿಂದ ಖಾತ್ರಿ ಮಾಡಿಕೊಂಡು ಎಸೆದ. ಅವರ ಆಟಗಾರ ಎತ್ತಿ ಹೊಡೆದ, ಕ್ಯಾಚ್ ಆಗಿ ಮೂರನೇ ಔಟ್. ಇನ್ನಿಂಗ್ಸ್ ಮುಗಿಯಿತು. ಇನ್ನು ಎರಡು ಇನ್ನಿಂಗ್ಸ್, ಆರು ಔಟ್ ಬಾಕಿ.

ನಿಕಾನೋರ್ ಡಗೌಟಿಗೆ ಬಂದು ಬೆಂಚಿನ ತುದಿಯಲ್ಲಿ ಕೂತ. ಹತ್ತಿರವಿದ್ದವರೆಲ್ಲ ಎದ್ದು ಇನ್ನೊಂದು ತುದಿಗೆ ಹೋದರು. ಮ್ಯಾನೇಜರ್ ಎಪಿಫಾನಿಯೊ ಗೋಡೆಗೆ ಮುಖ ಮಾಡಿ ನಿಂತ. ಸಿಡುಬು ಬಂದವನನ್ನು ಇದಕ್ಕಿಂತ ಹತ್ತಿರ ಕೂರಿಸಿಕೊಳ್ಳುತ್ತಾರೆ.

ನಾನು ಎದ್ದೆ.

ದವಡೆ ನನ್ನ ಮಣಿಕಟ್ಟು ಹಿಡಿದ. ಈ ಸಲ ಹಿಡಿತ ನಿಜವಾಗಿತ್ತು.

"ಕೂತ್ಕೊಳ್ಳಿ. ಮೊದಲಿಂದ ಇಲ್ಲೇ ಕೂತಿದ್ದೀರಿ. ಎದ್ರೆ ಕೆಟ್ಟುಹೋಗುತ್ತೆ."

"ಅವನ ಕೈ ಹೋಗ್ತಿದೆ ಕಣೋ. ಬಿಡು."

"ಕೈ ಆಮೇಲೆ. ನೀವು ಎದ್ರೆ ಈ ಸಲ ನಿಜವಾಗ್ಲೂ ಚುಚ್ತೀನಿ."

ಚುಚ್ಚುತ್ತಿದ್ದ. ಉಲ್ಪಿಯಾನೊನ ಹಣಕ್ಕಾಗಿ ಚುಚ್ಚಲು ಮನಸ್ಸು ಬಾರದವನು ಇದಕ್ಕಾಗಿ ಚುಚ್ಚುತ್ತಿದ್ದ. ಸುತ್ತ ಇಡೀ ಸಾಲು ನನ್ನನ್ನೇ ನೋಡುತ್ತಿತ್ತು. ಅಲ್ಲಿ ನನ್ನ ಪರ ಒಂದು ಸೊಳ್ಳೆಯೂ ಇರಲಿಲ್ಲ.

ನಾನು ಬಗ್ಗಿ ಅವನ ಕಿವಿಗೆ ಬಾಯಿಟ್ಟೆ.

"ಬಿಡ್ತೀಯೋ, ಆ ಪದ ಹೇಳ್ಲೋ?"

ಮುಖ ಬಿಳುಚಿತು. "ಬೇಡ ದೋನ್ಯಾ."

"ನೋ..."

"ಬೇಡ, ನಿಮ್ಮ ಕಾಲಿಗೆ ಬೀಳ್ತೀನಿ."

"ನೋ-ಹಿ..."

ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಮಣಿಕಟ್ಟಿನ ಹಿಡಿತವೂ ಬಿಟ್ಟಿತು, ಚಾಕೂ ಕೆಳಗೆ ಬಿತ್ತು. ನಾನು ಓಡಿದೆ. ಕೆಟ್ಟ ಮೊಣಕಾಲಲ್ಲಿ ಎಷ್ಟು ಆಗುತ್ತದೋ ಅಷ್ಟು. ಹಿಂದಿನಿಂದ ಬಿಯರ್ ಲೋಟ ಬಂತು, ಚಪ್ಪಲಿ ಬಂತು. ಆದರೆ ಯಾರೂ ಹಿಡಿಯಲು ಬರಲಿಲ್ಲ. ಹೇಗೆ ಬರುತ್ತಾರೆ? ಕೂತ ಜಾಗ ಬಿಡುವ ಹಾಗಿಲ್ಲವಲ್ಲ.

ಡಗೌಟಿನ ಮೆಟ್ಟಿಲಿಳಿದೆ. ಆಟಗಾರರು ದೆವ್ವ ಕಂಡವರ ಹಾಗೆ ನೋಡಿದರು. ನಾನು ಹೋಗಿ ನಿಕಾನೋರ್ ಪಕ್ಕದಲ್ಲೇ ಕೂತೆ, ತೊಡೆಗೆ ತೊಡೆ ತಾಗುವ ಹಾಗೆ.

"ಯಾವಾಗಿಂದ ಜೋಮು?"

ಅವನು ತಿರುಗಿ ನೋಡಿದ. ಎಷ್ಟೋ ದಿನದ ಮೇಲೆ ಮನುಷ್ಯರ ದನಿ ಕೇಳಿದವನ ಹಾಗೆ.

"ಐದನೇ ಇನ್ನಿಂಗ್ಸಿಂದ."

"ಕೈಯಾಣೆ ಮಾಡಿದ್ಯಲ್ಲ."

"ಹೇಳೋಕೆ ಹೋದೆ ದೋನ್ಯಾ. ಎರಡು ಸಲ ಹೋದೆ. ಎಪಿಫಾನಿಯೊ ನನ್ನ ಮುಖ ನೋಡಿ ಟಾಯ್ಲೆಟ್‌ಗೆ ಓಡಿದ. ಟ್ರೇನರ್ ಕಣ್ಣು ಮುಚ್ಚಿಕೊಂಡು ಜಪ ಮಾಡೋಕೆ ಶುರು ಮಾಡಿದ. ನೀರು ಕೇಳಿದ್ರೆ ಬಾಟಲಿ ನೆಲದ ಮೇಲೆ ಉರುಳಿಸ್ತಾರೆ. ಯಾರಿಗೆ ಹೇಳ್ಲಿ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇವನ ಮೇಲೆ ಪ್ರಾಣ ಇಟ್ಟವರೆಲ್ಲ ಸೇರಿ ಇವನ ಕೈ ಮುರಿಯುತ್ತಿದ್ದರು. ಎಲ್ಲ ಪ್ರೀತಿಯಿಂದಲೇ.

"ಈಗ ನನಗೆ ಹೇಳಿದ್ಯಲ್ಲ. ಏಳು."

ಏಳಲಿಲ್ಲ. "ಇನ್ನಾರು ಔಟ್ ದೋನ್ಯಾ. ಇನ್ನಾರೇ. ಇಂಥದ್ದು ನನಗೆ ಇನ್ನು ಯಾವತ್ತೂ ಸಿಗಲ್ಲ."

ಸಿಗುವುದಿಲ್ಲ. ಅದು ನನಗೂ ಗೊತ್ತಿತ್ತು. ಈ ಆರು ಔಟಿಗಾಗಿ ಅವನು ಎಷ್ಟು ವರ್ಷ ಗೋಡೆಗೆ ಚೆಂಡು ಎಸೆದಿದ್ದ.

"ಸರಿ. ಅಂಗಿಯ ಮೇಲಿನ ಗುಂಡಿ ಬಿಚ್ಚಿದೆ. ಬಲಗೈಯಲ್ಲಿ ಹಾಕಿಕೊ. ಆಮೇಲೆ ಹೋಗಿ ಎಸಿ. ನಾನು ತಡೆಯಲ್ಲ."

ಹಾಕಲು ನೋಡಿದ. ಬೆರಳು ಗುಂಡಿಯನ್ನು ದಾಟಿ ಹೋಯಿತು. ಮತ್ತೆ ನೋಡಿದ. ಗುಂಡಿ ಜಾರಿತು. ಮೂರನೇ ಸಲ ಕೈ ಅಲ್ಲೇ ನಿಂತಿತು. ತಲೆ ಕೆಳಗೆ ಹೋಯಿತು. ನೂರ ಹತ್ತು ಕಿಲೋ ಗಂಡಸು ನನ್ನ ಹೆಗಲ ಮೇಲೆ ಮುಖವಿಟ್ಟು ಸದ್ದಿಲ್ಲದೆ ಅತ್ತ. ನಾನೇ ಗುಂಡಿ ಹಾಕಿದೆ.

ಆಮೇಲೆ ಎದ್ದು ನಿಂತು, ಗೋಡೆ ನೋಡುತ್ತಿದ್ದ ಎಪಿಫಾನಿಯೊಗೆ ಕೇಳುವಂತೆ ಹೇಳಿದೆ.

"ಎಪಿಫಾನಿಯೊ, ನಿನ್ನ ಪಿಚರ್ ನೋ-ಹಿಟರ್ ಎಸೀತಿದ್ದಾನೆ. ಕೈ ಸತ್ತಿದೆ. ಬೇರೆಯವನನ್ನ ಕಳಿಸು."

ಎಪಿಫಾನಿಯೊ ಶಿಲುಬೆಯ ಗುರುತು ಮಾಡಿಕೊಂಡ. ಒಬ್ಬ ಹೆಲ್ಮೆಟ್ ಎತ್ತಿ ಎಸೆದ. ಆದರೆ ಪದ ಬಾಯಿಂದ ಹೊರಬಿದ್ದಾಗಿತ್ತು. ಕೆಟ್ಟದ್ದು ಕೆಟ್ಟಿತ್ತು, ಇನ್ನು ಪಿಚರನ್ನು ನೋಡಲು ಅಡ್ಡಿಯಿಲ್ಲ. ಎರಡು ಇನ್ನಿಂಗ್ಸಿನಿಂದ ಮುಖ ತಿರುಗಿಸಿದ್ದವರೆಲ್ಲ ಒಟ್ಟಿಗೆ ಬಂದು ನಿಕಾನೋರ್ ಕೈ ನೋಡಿದರು. ನೋಡಿದ ಮೇಲೆ ಎಪಿಫಾನಿಯೊ ಬೇರೆ ಪಿಚರನ್ನು ಕರೆದ.

ಬದಲಿಗೆ ಹೋದವನ ಮೊದಲ ಎಸೆತಕ್ಕೇ ಹಿಟ್ ಬಂತು. ಆಟ ಎರಡು-ಒಂದರಿಂದ ಸೋತೆವು. ಉಲ್ಪಿಯಾನೊ ಗೆದ್ದ. ನಾನು ಅವನಿಗೆ ಮಾರಿಕೊಂಡಿದ್ದೆ ಅಂತ ಊರೆಲ್ಲ ಮಾತಾಯಿತು. ಅದು ಸುಳ್ಳು ಅಂತ ಖಚಿತವಾಗಿ ಹೇಳಬಲ್ಲವನು ದವಡೆ ಒಬ್ಬನೇ. ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಮೊಣಕೈಯ ನಾರು ಉಳಿದಿತ್ತು. ಅದರ ಪಕ್ಕದ ನರವೊಂದು ಸಿಕ್ಕಿಕೊಂಡಿತ್ತು. ಇನ್ನೊಂದು ಇನ್ನಿಂಗ್ಸ್ ಎಸೆದಿದ್ದರೆ ಟೈರ್ ಅಂಗಡಿಯೂ ಸಿಗುತ್ತಿರಲಿಲ್ಲ, ಸ್ಪ್ಯಾನರ್ ಹಿಡಿಯಲೂ ಬೆರಳು ಬೇಕು ಅಂದರು ಡಾಕ್ಟರು. ನರ ಬಿಡಿಸಿದರು. ನಾಲ್ಕನೇ ಸಲ ಗೋಡೆಗೆ ಚೆಂಡು ಎಸೆಯಲು ಶುರು ಮಾಡಿದ.

ಇನ್ನು ಆ ಮೆಕ್ಸಿಕೊದವನು. ಟ್ರಾಫಿಕ್ಕಿಗೆ ಹೆದರಿ ಐದನೇ ಇನ್ನಿಂಗ್ಸಿಗೇ ಎದ್ದು ಏರ್‌ಪೋರ್ಟಿಗೆ ಹೋಗಿದ್ದ. ಶಕುನ ಕೆಡಿಸಿದವನು ಅವನೇ ಅಂತ ನಾನು ಊರಿಗೆ ಹೇಳಿ ನೋಡಿದೆ. ಯಾರೂ ನಂಬಲಿಲ್ಲ. ನೋಡಬೇಕಾದ್ದನ್ನು ನೋಡಿಯಾಗಿತ್ತಂತೆ ಅವನಿಗೆ. ಕೈ ವಾಸಿಯಾಗುವವರೆಗೆ ಕಾದು ಕರೆಸಿಕೊಂಡ.

ಈಗ ನಿಕಾನೋರ್‌ಗೆ ಅಲ್ಲಿ ಎರಡನೇ ಬೇಸಿಗೆ. ಹೋದ ತಿಂಗಳು ಒಂದು ಸಂಜೆ ನನ್ನ ಫೋನ್ ಬಡಿದುಕೊಂಡಿತು. ಡ್ರೆಸ್ಸಿಂಗ್ ರೂಮಿನ ಮೂಲೆಯಿಂದ ಕದ್ದು ಮಾಡಿದ್ದ.

"ದೋನ್ಯಾ, ಆರು ಇನ್ನಿಂಗ್ಸ್ ಆಯ್ತು. ಅವರಿಗೆ ಇನ್ನೂ ಒಂದೂ ಹಿಟ್ ಇಲ್ಲ."

"ಬೆರಳು?"

"ಐದೂ ಚೆನ್ನಾಗಿವೆ, ಕೈಯಾಣೆ. ಆದ್ರೆ ಇಲ್ಲೂ ಯಾರೂ ಹತ್ರ ಬರ್ತಿಲ್ಲ. ಒಂದೆರಡು ಮಾತಾಡಿ ದೋನ್ಯಾ, ತಲೆ ಕೆಡ್ತಿದೆ."

ತಕ್ಷಣ ಫೋನ್ ಕಟ್ ಮಾಡಿದೆ. ಬೆರಳು ಚೆನ್ನಾಗಿರುವಾಗ ನೋ-ಹಿಟರ್ ಎಸೆಯುವವನ ಜೊತೆ ಮಾತಾಡಲು ನನಗೇನು ಹುಚ್ಚೇ?