ಹದಿನೇಳನೇ ನಂಬರಿಗೆ ಉಪ್ಪುನೀರು

ಅಕ್ಕನ ಪಾಲಿಗೆ ಉಪ್ಪುನೀರು ಬಂದಿತ್ತು. ಪಟ್ಟಿಯಲ್ಲಿ ಹಾಗೇ ಇತ್ತು. ಆ ಪಟ್ಟಿ ನೋಡುವ ಅಧಿಕಾರ ಇಡೀ ಕಟ್ಟಡದಲ್ಲಿ ಇದ್ದದ್ದು ಅವನೊಬ್ಬನಿಗೆ. ಅದಕ್ಕೇ ಅವನಿಗೆ ಅದು ಅನ್ಯಾಯಕ್ಕಿಂತ ಹೆಚ್ಚಾಗಿ ಅವಮಾನ ಅನ್ನಿಸಿತು.

ಅವನು ಸಂಶೋಧನಾ ಕೇಂದ್ರದ ಔಷಧ ಕೋಣೆಯ ಫಾರ್ಮಸಿಸ್ಟ್. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿ ಇಲ್ಲ ಎನ್ನುವ ಕೆಲಸ ನೋಡಿ ಜೊತೆಯವರು ಅವನಿಗೆ ತಕ್ಕಡಿ ಎಂದು ಹೆಸರಿಟ್ಟಿದ್ದರು. ಆ ಹೆಸರು ಇಷ್ಟವಿಲ್ಲದವನ ಹಾಗೆ ಅವನು ಮುಖ ಮಾಡುತ್ತಿದ್ದ, ಒಳಗೊಳಗೆ ಹಿಗ್ಗುತ್ತಿದ್ದ. ಈಗ ಅಲ್ಲಿ ನಡೆಯುತ್ತಿದ್ದದ್ದು ಕೈಗಳ ನರ ನಿಧಾನಕ್ಕೆ ಸತ್ತುಹೋಗುವ ಒಂದು ಕಾಯಿಲೆಗೆ ಹೊಸ ಔಷಧದ ಪರೀಕ್ಷೆ. ಅರವತ್ತು ಜನ ರೋಗಿಗಳು, ತಿಂಗಳಿಗೊಂದು ಇಂಜೆಕ್ಷನ್, ಒಂಬತ್ತು ತಿಂಗಳು. ಅರ್ಧ ಜನಕ್ಕೆ ನಿಜವಾದ ಔಷಧ, ಇನ್ನರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ದೊಡ್ಡ ಡಾಕ್ಟರಿಗೂ ಗೊತ್ತಿಲ್ಲ, ಸೂಜಿ ಚುಚ್ಚುವ ನರ್ಸಿಗೂ ಗೊತ್ತಿಲ್ಲ. ಗೊತ್ತಾದರೆ ಮನಸ್ಸು ಇಲ್ಲದ ಗುಣವನ್ನೂ ಕಾಣುತ್ತದಂತೆ. ಗೊತ್ತಿದ್ದವನು ಗೋಡೆಯ ಈಚೆ ಕೂತ ತಕ್ಕಡಿ ಮಾತ್ರ. ಆದರೆ ಅವನಿಗೆ ಹೆಸರುಗಳನ್ನು ಕೊಡುತ್ತಿರಲಿಲ್ಲ. ಅವನಿಗೆ ಬರುತ್ತಿದ್ದ ಚೀಟಿಯ ಮೇಲೆ ನಂಬರು, ಹೆಣ್ಣೋ ಗಂಡೋ, ಹುಟ್ಟಿದ ವರ್ಷ, ಯಾವ ತೂಕದ ಗುಂಪು, ಇಷ್ಟೇ. ನಂಬರು ರೋಗಿಗೂ ತಿಳಿಸುತ್ತಿರಲಿಲ್ಲ.

ಕೇಂದ್ರದವರ ನೆಂಟರಿಷ್ಟರು ಪರೀಕ್ಷೆಗೆ ಸೇರಬಾರದು ಎಂಬ ನಿಯಮವಿತ್ತು. ಆದರೂ ಅಕ್ಕನಿಗೆ ಸೇರು ಎಂದು ಹೇಳಿ ಕಳಿಸಿದ್ದು ಅವನೇ, ಅರ್ಜಿ ಕಾಗದಪತ್ರವನ್ನೆಲ್ಲ ಅವಳೇ ಒಯ್ದು ಕೊಟ್ಟಿದ್ದಳು. ಮದುವೆಯಾದ ಮೇಲೆ ಅವಳ ಮನೆಹೆಸರು ಬೇರೆ, ಗಂಡ ತೀರಿಹೋಗಿ ಬಹಳ ವರ್ಷ, ಯಾರೂ ಕೇಳಲಿಲ್ಲ. ತಮ್ಮ ಇಲ್ಲಿದ್ದಾನೆ ಎಂದು ಬಾಯಿಬಿಡಬೇಡ ಎಂದು ಅವಳನ್ನು ಒಪ್ಪಿಸಲು ಮಾತ್ರ ಅವನು ಬಹಳ ಬೇಡಬೇಕಾಗಿತ್ತು. ಅವಳು ಬೈಂಡಿಂಗ್ ಅಂಗಡಿಯಲ್ಲಿ ಮೂವತ್ತೈದು ವರ್ಷ ಪುಸ್ತಕ ಹೊಲಿದವಳು. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ಅವನಿಗೆ ಐದು, ಅವಳಿಗೆ ಹದಿನೇಳು. ಆ ಸೂಜಿ ದಾರದಲ್ಲೇ ಅವನನ್ನು ಓದಿಸಿದ್ದಳು. ಕೈ ನಡುಗದೆ ದಾರ ಪೋಣಿಸುವುದನ್ನು ಅವನು ಕಲಿತದ್ದೂ ಅವಳ ಪಕ್ಕದಲ್ಲಿ ಕೂತೇ. ಈಗ ಅವಳ ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಸಿಗುತ್ತಿರಲಿಲ್ಲ. ಇನ್ನೊಂದು ವರ್ಷ ಕಳೆದರೆ ತುತ್ತೂ ಎತ್ತಲಾರಳು ಎಂದು ಅವನಿಗೆ ಗೊತ್ತಿತ್ತು. ಕಾಯಿಲೆಯ ಲೆಕ್ಕ ಅವನಿಗೆ ಬಾಯಿಪಾಠವಾಗಿತ್ತು.

ಇಂಜೆಕ್ಷನ್ನಿಗೆ ಅವಳಿಗೆ ಗುರುವಾರ ಸಿಕ್ಕಿದೆ ಎಂದು ಅವಳೇ ಫೋನಿನಲ್ಲಿ ಹೇಳಿದ್ದಳು. ಗುರುವಾರದ ಪಟ್ಟಿಯಲ್ಲಿ ಎಂಟು ನಂಬರು. ಅದರಲ್ಲಿ ಹೆಂಗಸರು ಮೂವರು. ಒಬ್ಬಳು ಎಪ್ಪತ್ತು ದಾಟಿದ ಮುದುಕಿ. ಇನ್ನೊಬ್ಬಳು ಅರವತ್ತೆಂಟರಲ್ಲಿ ಹುಟ್ಟಿದವಳು, ಮೂವತ್ತೊಂದನೇ ನಂಬರು. ಅರವತ್ತಾರರಲ್ಲಿ ಹುಟ್ಟಿದವಳು ಒಬ್ಬಳೇ, ಹದಿನೇಳು. ಅಕ್ಕ ಹುಟ್ಟಿದ್ದು ಅರವತ್ತಾರರಲ್ಲಿ, ಹಳೇ ಸೇತುವೆ ನೆರೆಗೆ ಕೊಚ್ಚಿಹೋದ ವರ್ಷ. ಮನೆಯಲ್ಲಿ ಎಷ್ಟು ಸಲ ಕೇಳಿದ ಮಾತು ಅದು. ಅವನು ಮೂರು ಸಲ ತಾಳೆ ನೋಡಿದ. ಮೂರು ಸಲವೂ ಹದಿನೇಳು, ಮೂರು ಸಲವೂ ಅದರ ಮುಂದೆ ಉಪ್ಪುನೀರು.

ಅವಳನ್ನೇ ಕೇಳಿ ಖಚಿತ ಮಾಡಿಕೊಳ್ಳುವಂತಿರಲಿಲ್ಲ. ಅಕ್ಕ ಅಂಗಡಿಯಲ್ಲಿ ಒಂದು ಹಾಳೆ ಹೆಚ್ಚು ಬಂದರೂ ವಾಪಸು ಕೊಟ್ಟು ಬರುವವಳು. ತಮ್ಮ ಏನು ಮಾಡಲು ಹೊರಟಿದ್ದಾನೆ ಎಂಬ ವಾಸನೆ ಬಡಿದರೂ ಸಾಕು, ನೆಟ್ಟಗೆ ದೊಡ್ಡ ಡಾಕ್ಟರ ಹತ್ತಿರ ಹೋಗಿ ಹೇಳಿಬಿಡುತ್ತಿದ್ದಳು. ಉಪಕಾರವನ್ನು ಅವಳಿಂದಲೇ ಮುಚ್ಚಿಟ್ಟು ಮಾಡಬೇಕಾಗಿತ್ತು.

ಒಂದು ವಾರ ಅವನು ಕೂತಲ್ಲಿ ಕೂರಲಿಲ್ಲ. ಔಷಧ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಹನ್ನೊಂದು ಹೆಜ್ಜೆ. ಎಷ್ಟು ಸಲ ಎಣಿಸಿದರೂ ಹನ್ನೊಂದೇ. ನಡೆದೂ ನಡೆದೂ ಯೋಜನೆ ಪಕ್ಕಾ ಆಯಿತು. ಬಾಟಲಿಗಳ ಲೆಕ್ಕ ತಪ್ಪುವಂತಿರಲಿಲ್ಲ. ಖಾಲಿಯಾದ ಪ್ರತಿ ಬಾಟಲಿಯನ್ನೂ ತಪಾಸಣೆಯವರು ಎಣಿಸುತ್ತಾರೆ. ಅಕ್ಕನಿಗೆ ಔಷಧ ಕೊಡಬೇಕಾದರೆ ಇನ್ನೊಬ್ಬರಿಂದ ತೆಗೆಯಲೇಬೇಕು. ಔಷಧದ ಪ್ರಮಾಣ ತೂಕದ ಮೇಲೆ ಹೋಗುವುದರಿಂದ ಆ ಇನ್ನೊಬ್ಬರು ಅಕ್ಕನ ತೂಕದ ಗುಂಪಿನವರೇ ಆಗಬೇಕು. ಗುರುವಾರದವರಲ್ಲಿ ಹಾಗೆ ಇದ್ದದ್ದು ಒಂದೇ ನಂಬರು, ಮೂವತ್ತೊಂದು.

ಕೆಲಸ ನಾಚಿಕೆಯಾಗುವಷ್ಟು ಸುಲಭವಾಗಿತ್ತು. ಔಷಧಕ್ಕೆ ತಿಳಿ ಹಳದಿ ಬಣ್ಣ. ಅದು ಕಾಣಬಾರದೆಂದು ಎಲ್ಲ ಸಿರಿಂಜಿಗೂ ಬಿಳಿ ಟೇಪು ಸುತ್ತಿ, ಮೇಲೆ ನಂಬರಿನ ಚೀಟಿ ಅಂಟಿಸಿ, ಗೋಡೆಯ ಸಣ್ಣ ಕಿಟಕಿಯಲ್ಲಿಡಬೇಕು. ನರ್ಸ್ ಆಚೆಯಿಂದ ತೆಗೆದುಕೊಂಡು ಹೋಗುತ್ತಾಳೆ. ಅವನು ಮಾಡಬೇಕಾದದ್ದು ಎರಡು ಚೀಟಿಗಳನ್ನು ಅದಲುಬದಲು ಮಾಡುವುದು, ಅಷ್ಟೇ. ಪಟ್ಟಿಯನ್ನು ಮುಟ್ಟಬೇಕಾಗಿಲ್ಲ, ರಿಜಿಸ್ಟರಿನಲ್ಲಿ ಒಂದಕ್ಷರ ತಿದ್ದಬೇಕಾಗಿಲ್ಲ. ರಕ್ತ ಪರೀಕ್ಷೆಯಲ್ಲೂ ಸಿಗುವುದಿಲ್ಲ, ಎರಡು ದಿನದಲ್ಲಿ ಔಷಧ ರಕ್ತದಿಂದ ಮಾಯ. ಕಾಗದದ ಮೇಲೆ ಹದಿನೇಳಕ್ಕೆ ಉಪ್ಪುನೀರೇ ಹೋಗುತ್ತಿರುತ್ತದೆ, ಮೂವತ್ತೊಂದಕ್ಕೆ ಔಷಧವೇ.

ಇದರಲ್ಲಿ ಇನ್ನೊಂದು ಲಾಭವನ್ನೂ ಅವನು ಕಂಡುಕೊಂಡ. ಪರೀಕ್ಷೆ ಗೆದ್ದರೆ, ಉಪ್ಪುನೀರು ತೆಗೆದುಕೊಂಡವರಿಗೆಲ್ಲ ಮುಂದೆ ನಿಜವಾದ ಔಷಧ ಕೊಡಬೇಕು ಎಂದು ನಿಯಮ. ಕಾಗದದ ಪ್ರಕಾರ ಹದಿನೇಳು ಉಪ್ಪುನೀರಿನವಳು. ಅಂದರೆ ಅಕ್ಕನಿಗೆ ಈಗಲೂ ಔಷಧ, ಆಮೇಲೂ ಔಷಧ. ಔಷಧ ತೆಗೆದುಕೊಂಡೂ ಗುಣ ಕಾಣದವರಿಗೆ ಮಾತ್ರ ಮುಂದೆ ಕೊಡುವುದಿಲ್ಲ. ಕಾಗದದ ಪ್ರಕಾರ ಮೂವತ್ತೊಂದು ಆ ಸಾಲಿಗೆ ಸೇರುತ್ತಾಳೆ. ಇದು ಹೊಳೆದಾಗ ಅವನು ಎದ್ದು ಹೋದ. ಕೈ ತೊಳೆದುಕೊಂಡು ಬಂದ. ನಂಬರಿಗೆ ಮುಖ ಇಲ್ಲ ಎಂದುಕೊಂಡ. ಮತ್ತೆ ಹೋಗಿ ಕೈ ತೊಳೆದ.

ಮೊದಲ ಗುರುವಾರ ಚೀಟಿಗಳನ್ನು ಬದಲಿಸುವಾಗ ಅವನ ಕೈ ಒಂದಿಷ್ಟೂ ನಡುಗಲಿಲ್ಲ. ಅದು ಅವನಿಗೇ ಸ್ವಲ್ಪ ಭಯ ಹುಟ್ಟಿಸಿತು.

ನರ್ಸಿಗೆ ಕಿಟಕಿಯ ಹತ್ತಿರ ನಿಂತು ಮಾತಾಡುವ ಚಾಳಿ. ಹೆಸರು ಹೇಳುವಂತಿಲ್ಲ, ಆದ್ದರಿಂದ ನಂಬರುಗಳ ಮೇಲೆ ಹರಟೆ. ಎಂಟು ಒಳ್ಳೇ ಗೊಣಗಾಟದ ಮುದುಕಿಯಂತೆ, ಇಪ್ಪತ್ತೆರಡಕ್ಕೆ ಸೂಜಿ ಕಂಡರೆ ತಲೆಸುತ್ತಂತೆ. ಮೂರನೇ ತಿಂಗಳು ಅವಳು ಹದಿನೇಳರ ಸುದ್ದಿ ತಂದಳು.

"ತಕ್ಕಡಿ ಸಾರ್, ಹದಿನೇಳು ಇವತ್ತು ತಾನೇ ಪೆನ್ನು ಹಿಡಿದು ಸಹಿ ಹಾಕಿದ್ರು. ನಂಗೆ ಅಳುನೇ ಬಂತು."

ಅವನು ತಲೆಯೆತ್ತದೆ ಹೌದಾ ಎಂದ. ಅವಳು ಹೋದ ಮೇಲೆ ಕುರ್ಚಿಯ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತ. ಜೀವನದಲ್ಲಿ ಅಷ್ಟು ಸಂತೋಷ ಅವನಿಗೆ ಎಂದೂ ಆಗಿರಲಿಲ್ಲ. ಸಂಜೆ ಅಕ್ಕನಿಗೆ ಫೋನು ಮಾಡಿ, ಮಾತಿನ ನಡುವೆ ಏನೂ ಅರಿಯದವನಂತೆ, ಇವತ್ತು ಅಲ್ಲಿ ಸಹಿ ಹಾಕಿದೆಯಾ ಎಂದು ಕೇಳಿದ. ಹಾಕಿದೆನಲ್ಲ, ಹಾಕದೆ ಬಿಡ್ತಾರಾ ಎಂದಳು ಅವಳು. ಅವನಿಗೆ ಅಷ್ಟು ಸಾಕಾಗಿತ್ತು.

ಫೋನಿನಲ್ಲೇ ಎಲ್ಲ ಮುಗಿಸುವುದು ಅವನ ಶಿಸ್ತು. ಪರೀಕ್ಷೆ ಮುಗಿಯುವವರೆಗೆ ಅವಳ ಜೊತೆ ಯಾರ ಕಣ್ಣಿಗೂ ಬೀಳಬಾರದು ಎಂದು ತೀರ್ಮಾನಿಸಿದ್ದ. ಕೇಂದ್ರಕ್ಕೆ ಪಕ್ಕದ ಮನೆಯ ಹುಡುಗಿಯನ್ನು ಜೊತೆಗೆ ಕರೆದುಕೊಂಡು ಹೋಗು ಎಂದಿದ್ದ. ಆಗಲಿ ಎಂದಿದ್ದಳು. ಎರಡು ತಿಂಗಳಿಗೊಮ್ಮೆ ಭಾನುವಾರ ಹೋಗುತ್ತಿದ್ದ. ಅವಳು ಶಾಲು ಹೊದ್ದು ಕೂತು, ಚೆನ್ನಾಗಿದೀನಿ, ನೀನ್ಯಾಕೆ ಇಷ್ಟು ಇಳಿದುಹೋಗಿದ್ದೀಯ ಎಂದು ಅವನನ್ನೇ ಗದರುತ್ತಿದ್ದಳು. ಕಾಫಿಯನ್ನು ಅವನೇ ಮಾಡಬೇಕು. ಇಷ್ಟು ವರ್ಷ ನಾನು ಮಾಡಿದ್ದು ಕುಡಿದಿದ್ದೀಯ, ಈಗ ನಿನ್ನ ಕೈರುಚಿ ನೋಡ್ತೀನಿ ಎನ್ನುವುದು ಅವಳ ತಮಾಷೆ. ಅವಳ ಮುಖದಲ್ಲಿ ಕಳೆ ಬಂದಿದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಕೈಗಳನ್ನು ನೋಡಬೇಕು ಎಂದು ಹೊಳೆಯಲೇ ಇಲ್ಲ. ನರ್ಸ್ ನೋಡಿ ಹೇಳಿದ್ದಳಲ್ಲ.

ಐದನೇ ತಿಂಗಳು ತಪಾಸಣೆಯವರು ಬಂದರು. ಬೂದು ಕೋಟಿನ ಒಬ್ಬ ಹೆಂಗಸು, ಕನ್ನಡಕದ ಮೇಲಿಂದ ನೋಡುವವಳು. ಬಾಟಲಿ ಎಣಿಸಿದಳು, ರಿಜಿಸ್ಟರು ತಿರುವಿದಳು. ಗುರುವಾರದ ಪುಟದ ಮೇಲೆ ಅವಳ ಬೆರಳು ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಆ ಹೆಗಲನ್ನು ಅವನು ಎರಡೂ ಕೈ ಜೇಬಿನಲ್ಲಿಟ್ಟು ಕಾಪಾಡಿಕೊಂಡ. ಅಕ್ಷರ ಮುದ್ದಾಗಿದೆ ಎಂದು ಹೇಳಿ ಅವಳು ಪುಟ ಮಗುಚಿದಳು. ಹೋಗುವಾಗ, ಉಳಿದ ಕೇಂದ್ರದವರನ್ನು ನಿಮ್ಮ ಹತ್ತಿರ ಕಲಿಯಲು ಕಳಿಸಬೇಕು ಎಂದೂ ಹೇಳಿದಳು.

ಮೂವತ್ತೊಂದರ ಸುದ್ದಿಯನ್ನು ಅವನು ಕೇಳುತ್ತಿರಲಿಲ್ಲ. ಆದರೂ ಅದು ಕಿಟಕಿಯಲ್ಲಿ ತೂರಿ ಬರುತ್ತಿತ್ತು. ಏಳನೇ ತಿಂಗಳು ನರ್ಸ್ ಸಿರಿಂಜನ್ನು ಕೈಗೆತ್ತಿಕೊಂಡು ಹಾಗೇ ನಿಂತಳು.

"ಮೂವತ್ತೊಂದು ನೋಡಿದ್ರೆ ಸಂಕಟ ಆಗುತ್ತೆ ಸಾರ್. ನೀರಿನ ಲೋಟ ಜಾರಿಬಿತ್ತು ಇವತ್ತು. ಒರೆಸೋಕೆ ಬಗ್ಗಿದ್ರು, ಬಟ್ಟೆ ಹಿಡಿಯೋಕೂ ಆಗ್ಲಿಲ್ಲ. ಜೊತೆಗೆ ಯಾರೂ ಇಲ್ಲ, ಬಸ್ಸಲ್ಲಿ ಒಬ್ಬರೇ ಬರ್ತಾರೆ. ಕೇಳಿದ್ರೆ ನಂಗೆ ಯಾರೂ ಇಲ್ಲಮ್ಮ ಅಂತಾರೆ."

ಆ ದಿನ ಅವನು ಊಟ ಮಾಡಲಿಲ್ಲ. ಹನ್ನೊಂದು ಹೆಜ್ಜೆ ಆ ಕಡೆ, ಹನ್ನೊಂದು ಹೆಜ್ಜೆ ಈ ಕಡೆ. ಉಳಿದ ಎರಡು ತಿಂಗಳು ಅವಳ ಔಷಧ ಅವಳಿಗೇ ಕೊಟ್ಟುಬಿಡಲೇ ಎಂದು ಒಮ್ಮೆ ಯೋಚಿಸಿದ. ಆಗ ಅಕ್ಕನ ಪೆನ್ನು ಮತ್ತೆ ಜಾರುತ್ತದೆ. ಆಮೇಲೆ ಅವನ ಮನಸ್ಸಿನ ಮೂಲೆಯೊಂದು, ಅವನೇ ಬೆಚ್ಚುವಂತೆ, ಬೇರೆ ಮಾತಾಡಿತು: ಯಾರೂ ಇಲ್ಲದವಳಾದರೆ ಕೇಳುವವರೂ ಯಾರಿಲ್ಲ. ಎಂಟನೇ ತಿಂಗಳು ಚೀಟಿ ಬದಲಾಯಿತು, ಒಂಬತ್ತನೇ ತಿಂಗಳೂ ಬದಲಾಯಿತು.

ಪರೀಕ್ಷೆ ಗೆದ್ದಿತು. ದೊಡ್ಡ ಡಾಕ್ಟರು ಎಲ್ಲರನ್ನೂ ಸಭಾಂಗಣದಲ್ಲಿ ಸೇರಿಸಿ, ಔಷಧ ತೆಗೆದುಕೊಂಡವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲರ ಕೈಗೂ ಶಕ್ತಿ ಮರಳಿದೆ ಎಂದರು. ಉಪ್ಪುನೀರು ತೆಗೆದುಕೊಂಡವರಲ್ಲೂ ಒಬ್ಬರಿಗೆ ಗುಣವಾಗಿದೆಯಂತೆ. ಮನಸ್ಸಿನ ಮಹಿಮೆ ನೋಡಿ ಎಂದು ನಕ್ಕರು. ಎಲ್ಲರೂ ನಕ್ಕರು. ಅವನೂ ನಕ್ಕ. ಎಲ್ಲರಿಗೂ ಅವರವರ ಪತ್ರ ಈ ವಾರವೇ ಹೋಗುತ್ತದೆ ಎಂದು ತಿಳಿಯಿತು.

ಭಾನುವಾರ ಅವನು ಬಸ್ಸಿಗೂ ಕಾಯದೆ ನಡೆದೇ ಅಕ್ಕನ ಮನೆಗೆ ಹೋದ. ಇನ್ನು ಯಾರು ನೋಡಿದರೂ ಚಿಂತೆಯಿರಲಿಲ್ಲ. ಪತ್ರ ಮೇಜಿನ ಮೇಲಿತ್ತು, ಇನ್ನೂ ಒಡೆದಿರಲಿಲ್ಲ.

"ಮೊನ್ನೇನೇ ಬಂತು. ನೀನೇ ಒಡಿ," ಎಂದಳು ಅಕ್ಕ. "ನಂಗೆ ಆಗ್ಲಿಲ್ಲ ಕಣೋ."

ಕನ್ನಡಕ ಸಿಗಲಿಲ್ಲವೇನೋ ಎಂದುಕೊಂಡು ಅವನು ಲಕೋಟೆ ಹರಿದ. ಒಳಗೆ ಒಂದೇ ಹಾಳೆ. ನೀವು ಒಂಬತ್ತು ತಿಂಗಳು ನಿಜವಾದ ಔಷಧವನ್ನೇ ಪಡೆದಿದ್ದೀರಿ. ವಿಷಾದದ ಸಂಗತಿಯೆಂದರೆ ನಿಮ್ಮ ದೇಹಕ್ಕೆ ಅದು ಒಗ್ಗಿಲ್ಲ. ಆದ್ದರಿಂದ ಮುಂದಿನ ಹಂತದಲ್ಲಿ ನಿಮಗೆ ಅದನ್ನು ಕೊಡಲಾಗುವುದಿಲ್ಲ. ಮೇಲ್ಗಡೆ ದಪ್ಪಕ್ಷರದಲ್ಲಿ, ನಂಬರು ಮೂವತ್ತೊಂದು.

ಅವನು ತಲೆಯೆತ್ತಿ ನೋಡಿದ. ಅಕ್ಕನ ಶಾಲು ಜಾರಿತ್ತು. ತೊಡೆಯ ಮೇಲೆ ಎರಡು ಕೈ, ಬೆರಳುಗಳು ಒಳಕ್ಕೆ ಮಡಚಿಕೊಂಡು ಒಣಗಿದ್ದವು. ಏನಂತೆ ಎಂದು ಅವಳು ಕೇಳಿದಳು. ಅವನು ಹಾಳೆಯನ್ನು ಮತ್ತೆ ಮೊದಲಿಂದ ಓದಿದ. ಇದು ಅವಳ ಪತ್ರವೇ ಆಗಿದ್ದರೆ ಅವಳಿಗೆ ಔಷಧ ಸಿಗುವ ದಾರಿ ಒಂದೇ. ಅವನು ನಾಳೆ ದೊಡ್ಡ ಡಾಕ್ಟರ ಮುಂದೆ ನಿಂತು, ಒಂಬತ್ತು ತಿಂಗಳು ತಾನು ಮಾಡಿದ್ದನ್ನು ತನ್ನ ಬಾಯಿಂದಲೇ ಹೇಳಬೇಕು. ಆಗ ಅವನು ಜೈಲಿಗೆ. ಅರವತ್ತು ಜನರ ಪರೀಕ್ಷೆ ಕಸದ ಬುಟ್ಟಿಗೆ. ಔಷಧ ಯಾರಿಗೆ ಯಾವಾಗ ಸಿಗುತ್ತದೋ ದೇವರೇ ಬಲ್ಲ.

ಅಷ್ಟರಲ್ಲಿ ನಂಬರಿನ ಕೆಳಗಿನ ಸಾಲು ಕಣ್ಣಿಗೆ ಬಿತ್ತು. ಹುಟ್ಟಿದ ವರ್ಷ ಅರವತ್ತೆಂಟು. ಹೋದ ಜೀವ ಬಂದಂತಾಯಿತು. ಇದು ನಿನ್ನದಲ್ಲ ಅಕ್ಕ, ಯಾರದೋ ಪತ್ರವನ್ನು ನಿನ್ನ ಲಕೋಟೆಗೆ ಹಾಕಿದ್ದಾರೆ, ವರ್ಷ ನೋಡು ಎಂದು ಹಾಳೆಯನ್ನು ಅವಳ ಕಣ್ಣಿನ ಹತ್ತಿರ ಹಿಡಿದ. ಅಕ್ಕ ಕಣ್ಣು ಕಿರಿದು ಮಾಡಿ ನೋಡಿ ನಕ್ಕಳು. "ನಂದೇ ಕಣೋ ಇದು. ನೀನಿನ್ನೂ ಹುಟ್ಟಿರ್ಲಿಲ್ಲ, ನಿಂಗೆಲ್ಲಿ ಗೊತ್ತಿರುತ್ತೆ? ಅಮ್ಮಂಗೆ ಹುಷಾರಿಲ್ಲ ಅಂತ ನನ್ನನ್ನ ಸ್ಕೂಲಿಗೆ ಸೇರಿಸಿದ್ದೇ ಎಂಟು ವರ್ಷ ತುಂಬಿದ ಮೇಲೆ. ಇಷ್ಟು ದೊಡ್ಡೋಳನ್ನ ಒಂದನೇ ಕ್ಲಾಸಿಗೆ ತಗೊಳ್ಳಲ್ಲ ಅಂದ್ರು ಹೆಡ್‌ಮಾಸ್ಟರು. ಅಪ್ಪ ಅಲ್ಲೇ ನಿಂತು ಎರಡು ವರ್ಷ ಕಮ್ಮಿ ಬರೆಸಿದ್ರು. ಅವತ್ತಿಂದ ಕಾಗದದ ಮೇಲೆಲ್ಲ ನಾನು ಅರವತ್ತೆಂಟೇ."