ಒಂದೇ ಚಿತ್ರ ಉಳಿದಿದ್ದ ಕ್ಯಾಮೆರಾ

ಬಹಳ ಬಹಳ ಹಿಂದೆ, ಮರಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಬೆಳ್ಳಾವರ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಜನ ಕಾಣೆಯಾಗುತ್ತಿದ್ದರು. ಈ ಮನೆಯ ಸೊಸೆ ಇಲ್ಲ, ಆ ಮನೆಯ ಅಜ್ಜ ಇಲ್ಲ. ಹುಲಿ ಹಿಡಿದ ಗುರುತಿಲ್ಲ, ಹೊಳೆಗೆ ಬಿದ್ದ ಸುಳಿವಿಲ್ಲ. ಅದಕ್ಕಿಂತ ಭಯ ಹುಟ್ಟಿಸುವ ಸಂಗತಿ ಬೇರೆ ಇತ್ತು. ಕಾಣೆಯಾದವರ ಮನೆಯವರು ಯಾರೂ ಅರಸನಿಗೆ ದೂರು ಕೊಡುತ್ತಿರಲಿಲ್ಲ. ಕೇಳಿದರೆ ಮುಖ ತಿರುಗಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಆ ಊರಿನ ಕೋಟೆಯ ಗಂಟೆ ಬಾರಿಸುವ ಬೋರಯ್ಯನಿಗೆ ದೇವೀರಿ ಎಂಬ ಒಬ್ಬಳೇ ಮಗಳು. ತಾಯಿ ತೀರಿಹೋಗಿ ವರ್ಷಗಳಾಗಿದ್ದವು. ತಾಯಿಯ ಕೆನ್ನೆಯ ಮಚ್ಚೆ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಅಪ್ಪ ಮಗಳು ಊಟಕ್ಕೆ ಕೂತಾಗಲೆಲ್ಲ ಜಗಳವಾಡುತ್ತಿದ್ದರು. ಒಂದು ದಿನ ಜಗಳದ ನಡುವೆ ಬೋರಯ್ಯ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಅವನಿಗೆ ಹೆಂಡತಿಯ ಮುಖವೇ ನೆನಪಿಗೆ ಬರಲಿಲ್ಲ. ದೇವೀರಿಗೆ ಹೆದರಿಕೆಯಾಯಿತು. ಅಪ್ಪನ ಮುಖವೂ ಹೀಗೇ ಮರೆತುಹೋದರೆ? ಅರಮನೆಯ ಚಿತ್ರಗಾರರು ರಾಜರಾಣಿಯರನ್ನು ಬಿಟ್ಟು ಬೇರೆಯವರ ಮುಖ ಬರೆಯುತ್ತಿರಲಿಲ್ಲ. ಆದ್ದರಿಂದ ಅವಳು ಒಂದು ಹಳೆಯ ಕ್ಯಾಮೆರಾ ಕೊಳ್ಳಲು ಹೊರಟಳು. ಆ ಕಾಲದಲ್ಲಿ ಕ್ಯಾಮೆರಾ ಎಲ್ಲಿತ್ತು ಎಂದು ಕೇಳುವವರು, ಮರ ಹೇಗೆ ಮಾತಾಡುತ್ತಿತ್ತು ಎಂದು ಮೊದಲು ಕೇಳಬೇಕಿತ್ತು.

ಹಳೆ ಸಾಮಾನಿನ ಬೀದಿಯ ಕೊನೆಯಲ್ಲಿ ಮಸಿಯಣ್ಣನ ಅಂಗಡಿ. ಅವನು ತಂದಿಟ್ಟದ್ದು ಅಗಲವಾದ ಫಿಲ್ಮು ಹಾಕುವ ದಪ್ಪ ಕ್ಯಾಮೆರಾ. ಕಣ್ಣಿಗಿಟ್ಟು ನೋಡುವಂಥದಲ್ಲ. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನೊಳಗೆ ನೋಡಬೇಕು. ಹಳೆಯದನ್ನು ಕೊಳ್ಳುವಾಗ ಲೆನ್ಸಿನಲ್ಲಿ ಬೂಷ್ಟು ಹಿಡಿದಿದೆಯೇ ನೋಡು, ಗುಂಡಿ ಒತ್ತಿ ಸದ್ದು ಕೇಳು, ಹಿಂದಿನ ಬಾಗಿಲು ತೆರೆದು ತೂತು ಹುಡುಕು ಎಂದು ತಿಳಿದವರು ಹೇಳಿ ಕಳಿಸಿದ್ದರು. ದೇವೀರಿ ಲೆನ್ಸನ್ನು ಬಿಸಿಲಿಗೆ ಹಿಡಿದಳು. ತಿಳಿನೀರಿನ ಹಾಗಿತ್ತು. ಗುಂಡಿ ಒತ್ತಲು ಹೋದಳು. ಒಂದೇ ಚಿತ್ರ ಉಳಿದಿದೆ, ಸುಮ್ಮನೆ ಹಾಳುಮಾಡಬೇಡ ಎಂದ ಮಸಿಯಣ್ಣ. ಬಾಗಿಲಿಗೆ ಕೈ ಹಾಕಿದಳು. ಒಳಗೆ ಫಿಲ್ಮಿದೆ, ಬೆಳಕು ಬಿದ್ದರೆ ಎಲ್ಲ ಅಳಿಸಿಹೋಗುತ್ತದೆ ಎಂದು ಅವನು ಅವಳ ಕೈಯ ಮೇಲೆ ಕೈಯಿಟ್ಟ. ಆ ಕೈ ತಣ್ಣಗಿತ್ತು.

ಬೆಲೆಯ ಮಾತನ್ನೇ ಅವನು ಎತ್ತಲಿಲ್ಲ. "ನಿಂಗೆ ಯಾರ ಮೇಲೆ ಹೆಚ್ಚು ಪ್ರೀತಿಯೋ ಅವರದ್ದು ತೆಗಿ ತಾಯಿ. ಆಮೇಲೆ ಪಕ್ಕದಲ್ಲಿರೋ ಫಿಲ್ಮು ಸುತ್ತೋ ತಿರುಪು ತಿರುಗಿಸು. ಬೇಡ ಅನ್ನಿಸಿದ್ರೆ ಸಂಜೆ ನಾನೇ ಬಂದು ತಗೊಂಡು ಹೋಗ್ತೀನಿ," ಎಂದ. ಬೆಲೆ ಹೇಳದ ವ್ಯಾಪಾರಿ ಸಿಕ್ಕರೆ ಓಟ ಕೀಳಬೇಕು. ದೇವೀರಿ ಕೈಮುಗಿದಳು.

ಮನೆಗೆ ಬಂದು ಅಪ್ಪನನ್ನು ಅಂಗಳದ ಮಣೆಯ ಮೇಲೆ ಕೂರಿಸಿದಳು. ಗಾಜಿನೊಳಗೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಾಣುತ್ತಿತ್ತು. ಹೊಸಬಳು ಪಾಪ, ಅಪ್ಪನನ್ನು ನಡುವೆ ತರುವಷ್ಟರಲ್ಲಿ ಬೆವತುಹೋದಳು. ಬೋರಯ್ಯ ಮೀಸೆ ತಿದ್ದಿಕೊಂಡು ನಕ್ಕ. ಗುಂಡಿ ಒತ್ತಿದಳು. ಯಾರೋ ಉಸಿರು ಎಳೆದುಕೊಂಡ ಹಾಗೆ ಸದ್ದಾಯಿತು. ತಲೆ ಎತ್ತಿ ನೋಡಿದರೆ ಮಣೆ ಖಾಲಿ. ಅಪ್ಪನ ಹೆಗಲ ಮೇಲಿದ್ದ ಟವೆಲು ಮಾತ್ರ ನೆಲದ ಮೇಲೆ ಬಿದ್ದಿತ್ತು.

ದೇವೀರಿ ಬಗ್ಗಿ ಟವೆಲು ಎತ್ತಿಕೊಂಡಳು. ಅಷ್ಟರಲ್ಲಿ ಕ್ಯಾಮೆರಾದೊಳಗಿಂದ ಅಪ್ಪನ ದನಿ ಸಣ್ಣಗೆ ಕೇಳಿಸಿತು. ಇಲ್ಲಿ ಕಗ್ಗತ್ತಲು, ನನ್ನಂಥವರು ಇನ್ನೂ ಬಹಳ ಮಂದಿ ಇದ್ದಾರೆ, ಒಬ್ಬೊಬ್ಬರಿಗೆ ಒಂದೊಂದು ಕೋಣೆ ಎಂದ ಅಪ್ಪ. ಬೇರೆ ದನಿಗಳೂ ಮಾತಾಡಿದವು. ಎಲ್ಲರನ್ನೂ ಅವರವರ ಮನೆಯವರೇ ಪ್ರೀತಿಯಿಂದ ಕೂರಿಸಿ ಗುಂಡಿ ಒತ್ತಿದ್ದರು. ಆ ನಾಚಿಕೆಗೇ ಯಾರೂ ಬಾಯಿ ಬಿಟ್ಟಿರಲಿಲ್ಲ. ಮಸಿಯಣ್ಣ ವ್ಯಾಪಾರಿಯಲ್ಲ, ಮಾಂತ್ರಿಕ. ಫಿಲ್ಮು ತುಂಬಿದ ಮೇಲೆ ಅದನ್ನು ಬಿಸಿಲಿನಲ್ಲಿ ಬಿಚ್ಚಿ ಹರಡುತ್ತಾನೆ. ಮುಖಗಳೆಲ್ಲ ಸುಟ್ಟುಹೋಗುತ್ತವೆ, ಅವರ ಆಯಸ್ಸು ಅವನಿಗೆ ಸೇರುತ್ತದೆ. ಕತ್ತಲಲ್ಲಿ ನೀರಿನಿಂದ ತೊಳೆದರೆ ಮಾತ್ರ ಬದುಕುತ್ತೀರಿ ಎಂದು ಅವನೇ ಅಣಕಿಸಿದ್ದನಂತೆ.

"ದೇವೀ, ತಿರುಪು ತಿರುಗಿಸಿದ್ಯಾ?" ಎಂದು ಅಪ್ಪ ಕೇಳಿದ.

ಅವಳು ಮರೆತಿದ್ದಳು. ಹೊಸಬರೆಲ್ಲ ಮರೆಯುವುದು ಅದನ್ನೇ.

"ಹಾಗಾದ್ರೆ ಮುಟ್ಟಬೇಡ. ತಿರುಗಿಸಿದ್ರೆ ಬಾಗಿಲು ಮುಚ್ಚುತ್ತಂತೆ. ನನ್ನ ಬಾಗಿಲು ಇನ್ನೂ ತೆಗೆದೇ ಐತೆ. ಇದ್ರಲ್ಲಿ ಒಬ್ರಿಗೇ ಜಾಗ. ಇನ್ನೊಬ್ರು ಬಂದ್ರೆ ನಾನು ಆಚೆ."

ಇನ್ನೊಬ್ಬರು! ಯಾರನ್ನು ಒಳಗೆ ಕಳಿಸುವುದು? ಆಗಲೇ ಬಾಗಿಲಲ್ಲಿ ಕೋಟೆಯ ಕಾವಲುಗಾರ ತಿಪ್ಪಯ್ಯ ಬಂದು ನಿಂತ. ಗಂಟೆ ಯಾಕೆ ಬಾರಿಸಲಿಲ್ಲ, ನಿನ್ನಪ್ಪ ಎಲ್ಲಿ ಕುಡಿದು ಬಿದ್ದಿದ್ದಾನೆ ಎಂದು ಬಾಯಿಗೆ ಬಂದ ಹಾಗೆ ಬೈದ. ಅವನು ಗಾಜಿನೊಳಗೆ ಸರಿಯಾಗಿ ನಡುವೆ ಇದ್ದ. ದೇವೀರಿಯ ಬೆರಳು ಗುಂಡಿಯ ಮೇಲಿತ್ತು. ಒತ್ತಿದರೆ ಮುಗಿಯಿತು, ಊರಿಗೆ ಒಬ್ಬ ಬಾಯಿಬಡುಕ ಕಡಿಮೆ. ಅವನ ಪಂಚೆಯ ತುದಿಯಲ್ಲಿ ಮಗುವಿಗೆಂದು ಕಟ್ಟಿಕೊಂಡ ಪುರಿಯ ಗಂಟು ಗಾಜಿನಲ್ಲಿ ಕಾಣಿಸಿತು. ಅವಳು ಕ್ಯಾಮೆರಾವನ್ನು ಗೋಡೆಯ ಕಡೆ ತಿರುಗಿಸಿದಳು. ತಿಪ್ಪಯ್ಯ ಬೈದುಕೊಂಡೇ ಹೋದ.

ಬಿಸಿಲು ಇಳಿಯುತ್ತಿತ್ತು. ದೇವೀರಿ ಕನ್ನಡಿಯ ಮುಂದೆ ಹೋಗಿ ನಿಂತಳು. ಗಾಜಿನೊಳಗೆ ತನ್ನ ಮುಖವೇ ಬಂತು. ಒಳಗಿನಿಂದ ಅಪ್ಪನಿಗೂ ಅದು ಕಂಡಿರಬೇಕು.

"ಬೇಡ ಕಣವ್ವ," ಎಂದ ಅವನು. "ನೀನು ಒಳಗಿದ್ರೆ ನಾನು ಆಚೆ ಬಂದು ಏನು ಮಾಡ್ಲಿ?"

ಅವಳು ಕನ್ನಡಿಗೆ ಹಣೆ ಒತ್ತಿ ಅತ್ತಳು. ಇನ್ನು ಉಳಿದವನು ಒಬ್ಬನೇ. ಅವಳು ಕಣ್ಣೊರೆಸಿಕೊಂಡು ಅಂಗಳಕ್ಕೆ ಬಂದು ಅವನನ್ನೇ ಕಾಯುತ್ತ ನಿಂತಳು.

ಮಸಿಯಣ್ಣ ಹೇಳಿದ ಹಾಗೆ ಸಂಜೆಗೆ ಬಂದ. ಅಂಗಳದ ಗಿಡದಲ್ಲಿದ್ದ ಗುಬ್ಬಿಗಳು ಚಿಲಿಪಿಲಿ ನಿಲ್ಲಿಸಿದವು. ಇಳಿಬಿಸಿಲಿನಲ್ಲಿ ಎಲ್ಲದಕ್ಕೂ ಉದ್ದ ನೆರಳಿತ್ತು, ಅವನಿಗೆ ಇರಲಿಲ್ಲ. ದೇವೀರಿ ಕ್ಯಾಮೆರಾವನ್ನು ಹೊಟ್ಟೆಗೆ ಒತ್ತಿಕೊಂಡು, ತಲೆ ಬಗ್ಗಿಸಿ ನಿಂತಿದ್ದಳು. ಕೊಂಡವರೆಲ್ಲ ಅವನ ಮುಂದೆ ಹಾಗೇ ತಲೆತಗ್ಗಿಸಿ ನಿಂತಿದ್ದವರು. ಅವನಿಗೆ ಅದು ರೂಢಿ, ಅದೇ ಇಷ್ಟ.

"ತಿರುಪು ತಿರುಗಿಸ್ದೆ ತಾನೆ?"

"ಹೂಂ," ಎಂದಳು. ಅವಳು ಆಡಿದ ಸುಳ್ಳು ಅವಳ ಕಿವಿಗೇ ದೊಡ್ಡದಾಗಿ ಕೇಳಿಸಿತು.

ಅವನು ಕೈಚಾಚಿ ಹತ್ತಿರ ಬಂದ. ಗಾಜಿನೊಳಗೆ ಅವನು ಅಂಚಿಗೆ ಸರಿದ. ಅವಳು ಅವನ ಹಿಂದೆಯೇ ಕ್ಯಾಮೆರಾ ತಿರುಗಿಸಿದಳು, ಅವನು ಗಾಜಿನಿಂದಲೇ ಮಾಯವಾದ. ಎಡ ಬಲ ಅದಲುಬದಲು! ಅವನ ಉಸಿರು ಅವಳ ಕೂದಲಿಗೆ ತಾಗಿತು. "ಏನು ನೋಡ್ತಿದ್ದೀಯ ಅದ್ರೊಳಗೆ?" ಎಂದ. ದನಿಯಲ್ಲಿ ಮೊದಲ ಸಲ ಬೆಣ್ಣೆ ಇರಲಿಲ್ಲ. ತಣ್ಣನೆಯ ಬೆರಳುಗಳು ಅವಳ ಮಣಿಕಟ್ಟು ಹಿಡಿದವು. ಕಣ್ಣು ಹೇಳಿದ್ದಕ್ಕೆ ವಿರುದ್ಧವಾಗಿ ಅವಳು ಹೊರಳಿದಳು. ಅವನ ಮುಖ ಗಾಜಿನ ತುಂಬ ಬಂದು ನಿಂತಿತು. ಒತ್ತಿದಳು.

ಮಣಿಕಟ್ಟಿನ ಹಿಡಿತ ಸಡಿಲವಾಯಿತು. ಮಣೆಯ ಮೇಲೆ ಬೋರಯ್ಯ ಕೂತು ಕೆಮ್ಮುತ್ತಿದ್ದ. ಕ್ಯಾಮೆರಾದೊಳಗೆ ಒಂದು ದನಿ ಮೊದಲು ಗದರಿಸಿತು, ಆಮೇಲೆ ಗೋಗರೆಯಿತು. ದೇವೀರಿ ತಿರುಪು ತಿರುಗಿಸಿದಳು.

ಅಪ್ಪ ಮಗಳು ಒಂದು ಮಿಣುಕೂ ಬೆಳಕಿಲ್ಲದ ನೆಲಮಾಳಿಗೆಗೆ ಇಳಿದರು. ಮುಟ್ಟಿ ಮುಟ್ಟಿ ಫಿಲ್ಮು ಬಿಚ್ಚಿದರು. ಮಸಿಯಣ್ಣನಿದ್ದ ಕೊನೆಯ ತುಂಡನ್ನು ಕತ್ತರಿಸಿ ಬೇರೆ ಇಟ್ಟರು. ಉಳಿದದ್ದನ್ನು ಕೊಪ್ಪರಿಗೆಯ ನೀರಿನಲ್ಲಿ ತೊಳೆದರು. ತೊಳೆದ ಹಾಗೆಲ್ಲ ಒಬ್ಬೊಬ್ಬರು ಸೀನುತ್ತ, ನೀರು ಸುರಿಸುತ್ತ ಎದ್ದು ಬಂದರು. ಕತ್ತಲಲ್ಲಿ ಯಾರು ಯಾರೆಂದು ತಿಳಿಯದೆ ಎಲ್ಲರನ್ನೂ ಎಲ್ಲರೂ ತಬ್ಬಿಕೊಂಡರು. ಬೆಳಗಾದ ಮೇಲೆ ದೇವೀರಿ ಆ ಕೊನೆಯ ತುಂಡನ್ನು ಬಿಸಿಲಿಗೆ ಹಿಡಿದಳು. ಅದು ಕಪ್ಪಗಾಗಿ ಸುರುಟಿಕೊಂಡಿತು. ಮಸಿಯಣ್ಣನ ಕತೆ ಅಲ್ಲಿಗೆ ಮುಗಿಯಿತು. ಬೆಳ್ಳಾವರದ ಮುಚ್ಚಿದ್ದ ಬಾಗಿಲುಗಳೆಲ್ಲ ತೆರೆದವು, ಊರು ನಕ್ಕು ನಲಿಯಿತು.

ಸ್ವಲ್ಪ ಕಾಲದ ನಂತರ ಬೋರಯ್ಯ ತಾನೇ ಅದೇ ಕ್ಯಾಮೆರಾಗೆ ಹೊಸ ಫಿಲ್ಮು ತಂದು ಮಗಳ ಕೈಗಿಟ್ಟ. ಮಣೆ ಹಾಕಿಕೊಂಡು ಕೂತ. ಅವಳು ತಲೆ ಬಗ್ಗಿಸಿ ಗುಂಡಿ ಒತ್ತಿದಳು. ಒತ್ತಿದ ಮೇಲೆ ತಲೆ ಎತ್ತಲು ಧೈರ್ಯ ಬರಲಿಲ್ಲ.

"ಅಪ್ಪಾ, ಇದ್ದೀಯಾ?"

"ಇದ್ದೀನಿ ಕಣವ್ವ. ತಲೆ ಎತ್ತು."